ಮಮ್ಮಿಯ ಸುತ್ತುಬಟ್ಟೆ ಯಾವ ಖಾನೆಗೆ?

ಶಿರಸಿಯಲ್ಲಿ ನಾವು ಕಟ್ಟುತ್ತಿರುವ ಚಿತ್ರಸಂಗ್ರಹದಲ್ಲಿ ಹೆಚ್ಚಿನ ಟ್ಯಾಗ್‌ಗಳಿಗೆ (ಹುಡುಕಲೆಂದು ಚಿತ್ರಕ್ಕೆ ಅಂಟಿಸುವ ಗುರುತುಪದಗಳಿಗೆ) ಚರ್ಚೆಯೇ ಬೇಕಾಗುವುದಿಲ್ಲ. ಮಮ್ಮಿಯ, ಅಂದರೆ ಕೆಡದಂತೆ ಒಣಗಿಸಿ ಉಳಿಸಿದ ಶವದ, ಮೈಗೆ ಸುತ್ತಿದ ಬಟ್ಟೆಯ ವಿಷಯಕ್ಕೆ ಮಾತ್ರ ಮೂರು ಪಕ್ಷಗಳಾದವು: ಉಡುಪು ಎನ್ನುವವರು, ಬ್ಯಾಂಡೇಜು ಎನ್ನುವವರು, ಹೆಣದ ಬಟ್ಟೆ ಎನ್ನುವವರು. ಕೊನೆಗೆ ನಿಂತದ್ದು ಈ ಮೂರೂ ಅಲ್ಲ.

ಮೊದಲು ಹೆಸರಿನ ತಕರಾರು. ಬರೀ ‘ಮಮ್ಮಿ’ ಎಂದು ಟ್ಯಾಗ್ ಇಟ್ಟರೆ ಮಕ್ಕಳು ಬಿಡಿಸಿದ ಅಮ್ಮಂದಿರೆಲ್ಲ ಅದರೊಳಗೆ ಬಂದು ಕೂರುತ್ತಾರೆ. ‘ಪಟ್ಟಿ’ ಎಂದಿಟ್ಟರೆ ಗಾಯದ ಪಟ್ಟಿಯ ಜೊತೆ ಕಿರಾಣಿ ಅಂಗಡಿಯ ಪಟ್ಟಿಯೂ ಬರುತ್ತದೆ. ‘ಕಟ್ಟು’ ಇನ್ನೂ ಕಷ್ಟ: ಸೌದೆ ಕಟ್ಟು, ಫೋಟೋದ ಕಟ್ಟು, ಕೈಮುರಿದಾಗಿನ ಕಟ್ಟು. ಹಾಗಾಗಿ ‘ಮಮ್ಮಿ (ಶವ)’, ‘ಸುತ್ತುಬಟ್ಟೆ’ ಎಂಬ ಎರಡು ಬೇರೆ ಹೆಸರು ಆರಿಸಿಕೊಂಡೆವು.

ಕೀಬೋರ್ಡಿನ ಕಾಟವೂ ಇದೆ. ‘ಬ್ಯಾಂಡೇಜ್’ ಎಂದು ಅರ್ಧಾಕ್ಷರದಲ್ಲಿ ಮುಗಿಸಿದರೆ ಕೆಲವು ಕೀಲಿಮಣೆಗಳು ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆ (ಯೂನಿಕೋಡ್ 200ಸಿ) ಸೇರಿಸುತ್ತವೆ. ನೋಡಲು ಒಂದೇ, ಯಂತ್ರಕ್ಕೆ ಎರಡು ಟ್ಯಾಗ್. ಎನ್‌ಎಫ್‌ಸಿ ಸಾಮಾನ್ಯೀಕರಣ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದು ಮಾಡುವ ಯೂನಿಕೋಡ್ ವಿಧಾನ) ಇದನ್ನು ತೆಗೆಯುವುದಿಲ್ಲ. ಪದದ ಕೊನೆಯಲ್ಲಿದ್ದರೆ ಮಾತ್ರ ಅಳಿಸುವಂತೆ ಬೇರೆ ನಿಯಮ ಬರೆಯಬೇಕು. ಪದದ ನಡುವೆ ಅದು ಬೇಕು, ಅಲ್ಲೂ ಅಳಿಸಿದರೆ ಒತ್ತಕ್ಷರ ಕಲಸಿಹೋಗುತ್ತದೆ. ಸುಲಭದ ದಾರಿ ಎಂದರೆ ಟ್ಯಾಗ್ ಹೆಸರು ಸ್ವರದಲ್ಲೇ ಮುಗಿಯಲಿ: ಬ್ಯಾಂಡೇಜು.

ಇನ್ನು ವಸ್ತುವಿಗೆ ಬರೋಣ. ಈಜಿಪ್ಟಿನ ನಿಜವಾದ ಮಮ್ಮಿಯನ್ನು ನೋಡಿದರೆ ಬ್ಯಾಂಡೇಜು ಪಕ್ಷದ ವಾದ ಅರ್ಧ ಬಿದ್ದುಹೋಗುತ್ತದೆ. ಬಟ್ಟೆ ಅಗಸೆ ನಾರಿನ ಲಿನನ್. ಮನೆಯಲ್ಲಿ ಬಳಸಿದ ಹಳೆಯ ಬಟ್ಟೆಯನ್ನೇ ಎಷ್ಟೋ ಸಲ ಸೀಳಿಕೊಳ್ಳುತ್ತಿದ್ದರು. ನೇಟ್ರನ್ ಉಪ್ಪಿನಲ್ಲಿ ಒಣಗಿಸಿದ ದೇಹಕ್ಕೆ ಸೀಳು ಬಟ್ಟೆ, ಮೇಲೊಂದು ಮೈತುಂಬ ಹೊದಿಕೆ, ಮತ್ತೆ ಸೀಳು, ನಡುನಡುವೆ ರಾಳ, ತಾಯಿತ. ಕೈಕಾಲು ಮೊದಲು ಬಿಡಿಬಿಡಿಯಾಗಿ, ಆಮೇಲೆ ಎಲ್ಲ ಸೇರಿ ಒಂದೇ ಗಂಟು. ರೋಮನ್ ಕಾಲದ, ಮುಖಚಿತ್ರ ಕೂರಿಸಿದ ಮಮ್ಮಿಗಳಲ್ಲಂತೂ ಅಂಚುಗಳು ವಜ್ರಾಕಾರದಲ್ಲಿ ಕಾಣುವಂತೆ ಪದರ ಪದರ ಜೋಡಿಸಿರುತ್ತಾರೆ. ಅಲ್ಲಿ ಸುತ್ತುವುದೇ ಕುಸುರಿ. ಕಲಾವಿದರು ಬಿಡಿಸುವ ಮಮ್ಮಿ ಬೇರೆ ಜಾತಿ. ಅದು ನಡೆಯಬೇಕಲ್ಲ, ಹಾಗಾಗಿ ಎರಡು ಕಾಲಿಗೂ ಬೇರೆ ಬೇರೆ ಸುತ್ತು, ಮುಂಗೈಯಿಂದ ಜೋತ ಹರಕು ತುದಿ, ಸಂದಿಯಲ್ಲಿ ಒಂದು ಕಣ್ಣು.

ಈ ಎರಡಕ್ಕೂ ಹೊಂದುವ ಖಾನೆ ಬೇಕಿತ್ತು. ಅಮೆರಿಕದ ಗೆಟ್ಟಿ ಸಂಸ್ಥೆಯ ಕಲಾ ಪದಕೋಶ ವಸ್ತು, ಸಾಮಗ್ರಿ, ಭೌತಿಕ ಲಕ್ಷಣ ಎಂದು ಮುಖಗಳನ್ನು (ವರ್ಗಗಳನ್ನು) ಬೇರೆ ಮಾಡುತ್ತದೆ. ನಾವೂ ಅದೇ ಜಾಡು ಹಿಡಿದೆವು: ‘ಸುತ್ತುಬಟ್ಟೆ’ ಎಂಬುದು ಬಟ್ಟೆ ಇರುವ ರೀತಿ. ಯಾಕೆ ಸುತ್ತಿದ್ದಾರೆ ಎಂಬುದಕ್ಕೆ ಬೇರೆ ಟ್ಯಾಗ್ (ಗಾಯ, ಶವಸಂಸ್ಕಾರ, ವೇಷ, ರಕ್ಷಣೆ), ಯಾರು ಎಂಬುದಕ್ಕೆ ಇನ್ನೊಂದು. ಮೂರನ್ನೂ ಒಂದೇ ಪದದಲ್ಲಿ ತುರುಕಿದ್ದೇ ಜಗಳದ ಮೂಲ.

ತಪ್ಪು ಹೆಚ್ಚಾಗಿ ಆಗುವುದು ಒಂದು ಟ್ಯಾಗ್ ಹಾಕಿದರೆ ಅದರ ಹಿಂದೆ ತಾನಾಗಿ ಸೇರುವ ಟ್ಯಾಗ್‌ಗಳಲ್ಲಿ. ಮೊದಲು ನಾವು ‘ಸುತ್ತುಬಟ್ಟೆ’ಯನ್ನು ‘ಬ್ಯಾಂಡೇಜು’ವಿನ ಕೆಳಗೆ, ಅದನ್ನು ‘ಗಾಯ’ದ ಕೆಳಗೆ ಇಟ್ಟಿದ್ದೆವು. ಪರಿಣಾಮವಾಗಿ ಮಕ್ಕಳ ಪುಟದಲ್ಲಿದ್ದ ತಮಾಷೆಯ ಮಮ್ಮಿಗಳೆಲ್ಲ ರಕ್ತದ ಎಚ್ಚರಿಕೆಯ ಹಿಂದೆ ಮಾಯವಾದವು. ಸರಪಳಿಯಲ್ಲಿ ಎರಡು ಕೊಂಡಿ ಸರಿಯೆನಿಸಿದರೂ ಮೂರನೆಯದನ್ನು ಸೇರಿಸಿ ಓದಿ ನೋಡಬೇಕು. ‘ಮಮ್ಮಿ (ಶವ)’ ಹಾಕಿದರೆ ‘ಸುತ್ತುಬಟ್ಟೆ’ ತಾನೇ ಬರಲಿ ಎಂಬ ಸಲಹೆಯೂ ನಿಲ್ಲಲಿಲ್ಲ. ಈಜಿಪ್ಟಿನ ದೊರೆ 2ನೇ ರಾಮ್ಸೆಸ್‌ನ ಸುತ್ತನ್ನು 1886ರಲ್ಲೇ ಬಿಚ್ಚಿದ್ದಾರೆ, ಮುಖ ಬರಿದಾಗಿ ಕಾಣುತ್ತದೆ. ಪೆರುವಿನ ಪರಾಕಾಸ್ ಮಮ್ಮಿಗಳು ಕೂತ ಭಂಗಿಯಲ್ಲಿ ದೊಡ್ಡ ಬಟ್ಟೆಗಳ ಗಂಟಿನೊಳಗಿವೆ, ಸೀಳು ಪಟ್ಟಿಯಲ್ಲಲ್ಲ. ಎರಡೂ ಕಡೆಗೆ ಸರಪಳಿ ಇಲ್ಲ, ಕೈಯಿಂದಲೇ ಹಾಕಬೇಕು.

ಉಡುಪು ಪಕ್ಷದವರ ಒಂದು ಮಾತು ಮಾತ್ರ ಗಟ್ಟಿಯಾಗಿತ್ತು: ಮೈಮೇಲೆ ಬೇರೇನೂ ಇಲ್ಲದೆ ಬರೀ ಸುತ್ತು ಇದ್ದರೆ ಆ ಚಿತ್ರ ಬೆತ್ತಲೆಯೋ ಅಲ್ಲವೋ? ಅದಕ್ಕೆ ಮೈ ಎಷ್ಟು ಮುಚ್ಚಿದೆ ಎಂಬ ಟ್ಯಾಗ್ ಬೇರೆ ಇಟ್ಟೆವು, ಬಟ್ಟೆಯ ಜಾತಿ ಕೇಳದೆ.

ಕೈಗೆ ಸಿಗುವ ಅಳತೆ ಹೀಗೆ: ಒಂದರ ಅಂಚಿನ ಮೇಲೆ ಇನ್ನೊಂದು ಬಂದ ಕನಿಷ್ಠ 3 ಸುತ್ತು ಕಣ್ಣಿಗೆ ಕಾಣಬೇಕು; ಹೊಲಿಗೆ, ಗುಂಡಿ ಇರಬಾರದು. ಊರಿನ ಚಿತ್ರಗಳಲ್ಲೇ ಈ ಅಳತೆಯ ಪರೀಕ್ಷೆಯಾದದ್ದು. ಅಡಿಕೆ ಸುಲಿಯುವ ಹೆಂಗಸಿನ ಚಿತ್ರವೊಂದರಲ್ಲಿ ಮೆಟ್ಟುಗತ್ತಿಯ ಮುಂದೆ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ, ತುದಿ ಒಳಗೆ ಸಿಕ್ಕಿಸಿದೆ, ಅಡಿಕೆಯ ತೊಗರಿನ (ರಸದ) ಕಂದು ಕಲೆ ಇದೆ. ಕಲೆಯನ್ನು ರಕ್ತವೆಂದು ತಿಳಿದು ‘ಗಾಯ’ ಎಂದವರಿದ್ದರು. ಸರಿಯಾದದ್ದು: ಸುತ್ತುಬಟ್ಟೆ, ರಕ್ಷಣೆ, ಬೆರಳು. ಯಕ್ಷಗಾನದ ಮುಂಡಾಸೂ ಸುತ್ತಿದ್ದೇ, ಆದರೆ ಅದಕ್ಕೆ ಸ್ವಂತ ಹೆಸರಿದೆ. ಸ್ವಂತ ಹೆಸರಿದ್ದಲ್ಲಿ ‘ಸುತ್ತುಬಟ್ಟೆ’ ಹಾಕುವುದಿಲ್ಲ. ಶಿರಸಿಯಲ್ಲಿ ಹೋಳಿಗೆ ಕುಣಿಯುವ ಬೇಡರ ವೇಷದ ಕೆಂಪು ಬಟ್ಟೆಗೆ ಸುತ್ತು ಎಣಿಸಿಯೇ ತೀರ್ಮಾನ. ಕೊಳೆರೋಗ ಬಾರದಂತೆ ಕೊಟ್ಟೆ (ಹೊದಿಕೆ) ಕಟ್ಟಿದ ಅಡಿಕೆ ಗೊನೆಗೆ ಯಾರೋ ‘ಮಮ್ಮಿ’ ಎಂದು ಹಾಕಿದ್ದರು. ನಗು ಬಂತು, ಅಳಿಸಿದೆವು.

ಹಳೆಯ ಚಿತ್ರಗಳನ್ನು ತಿದ್ದುವಾಗ ಟ್ಯಾಗ್‌ಗಳನ್ನು ಮೊದಲೇ ವಿಲೀನ ಮಾಡಬೇಡಿ. ‘ಪಟ್ಟಿ’ಯನ್ನು ‘ಸುತ್ತುಬಟ್ಟೆ’ಗೆ ಸೇರಿಸಿಬಿಟ್ಟರೆ ಯಾವುದು ಎಲ್ಲಿಂದ ಬಂತೆಂಬ ಗುರುತು ಉಳಿಯುವುದಿಲ್ಲ. ಮೊದಲು ಹಳೆಯ ಟ್ಯಾಗ್‌ನ ಚಿತ್ರಸಂಖ್ಯೆಗಳನ್ನು ಕಡತಕ್ಕೆ ಇಳಿಸಿ, 50 ಚಿತ್ರದ ಕಂತಿನಲ್ಲಿ ಇಬ್ಬರು ಬೇರೆ ಬೇರೆ ಕೂತು ನೋಡಿ, ಇಬ್ಬರೂ ಒಪ್ಪಿದ್ದನ್ನು ಬದಲಿಸಿ. ಒಪ್ಪದ್ದಕ್ಕೆ ‘ಸುತ್ತು-ಪರಿಶೀಲಿಸಿ’ ಎಂಬ ತಾತ್ಕಾಲಿಕ ಟ್ಯಾಗ್ ಹಾಕಿ. ಅದು ಖಾಲಿಯಾದ ಮೇಲೆಯೇ ಹಳೆಯ ಹೆಸರನ್ನು ಹೊಸದಕ್ಕೆ ಜೋಡಿಸಿ.