ಪೇರಲ ಕಟ್ಟಿಗೆಯ ಚಮಚ: ನನ್ನ ಅನುಭವ

ಕೊಪ್ಪಳದ ನಮ್ಮ ಮನೆ ಹಿತ್ತಲಲ್ಲಿ ಹೋದ ಬೇಸಿಗೆ ಪೇರಲ ಗಿಡದ ಒಂದು ಕೊಂಬೆ ಗಾಳಿಗೆ ಮುರಿದು ಬಿತ್ತು. ಮುಂಗೈಯಷ್ಟು ದಪ್ಪ. ಒಲೆಗೆ ಹಾಕೋಣ ಅಂದಳು ಅವ್ವ. ನಾನು ಬಿಡಲಿಲ್ಲ. ಉಣ್ಣೋಕೆ ಕಟ್ಟಿಗೆ ಚಮಚ ಮಾಡಬೇಕು ಅನ್ನೋ ಆಸೆ ಬಹಳ ದಿನದಿಂದ ಇತ್ತು.

ಮೊದಲನೇ ಚಮಚ ಒಡೆಯಿತು. ಕೊಂಬೆಯನ್ನು ಸೀಳದೆ ಹಾಗೇ ಕೆತ್ತಿದ್ದೆ, ನಡುವಿನ ತಿರುಳು ಚಮಚದೊಳಗೇ ಉಳಿದಿತ್ತು. ಮುಗಿಸಿದವನೇ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ವಾ? ಸಂಜೆ ನೋಡಿದರೆ ತಿರುಳಿನಿಂದ ಅಂಚಿನವರೆಗೆ ಬಿರುಕು. ಹಸಿ ಕಟ್ಟಿಗೆ ಒಣಗುವಾಗ ಕುಗ್ಗುತ್ತದೆ. ಹೊರಮೈ ಬೇಗ ಕುಗ್ಗಿ ಒಳಗಿನ್ನೂ ಹಸಿ ಇದ್ದರೆ ಸೀಳದೆ ಇರೋದಿಲ್ಲ.

ಹಾಗಂತ ಒಣಗಿದ ಮೇಲೆ ಕೆತ್ತೋಕೆ ಹೋಗಬೇಡಿ. ಒಣ ಪೇರಲ ಕಲ್ಲಿನ ಹಾಗೆ. ಹಸಿ ಇದ್ದಾಗಲೇ ಕೆತ್ತಬೇಕು, ಆಮೇಲೆ ನಿಧಾನಕ್ಕೆ ಒಣಗಿಸಬೇಕು. ಎರಡನೇ ಸಲ ಕೊಂಬೆಯನ್ನು ಕೊಡಲಿಯಿಂದ ನಡುವೆ ಸೀಳಿ, ತಿರುಳನ್ನು ಪೂರ್ತಿ ತೆಗೆದುಹಾಕಿದೆ. ಪೆನ್ಸಿಲಿನಲ್ಲಿ ಆಕಾರ ಬರೆದು, ಕುತ್ತಿಗೆಯ ಎರಡೂ ಕಡೆ ಗರಗಸದಿಂದ ಗಾಯ ಮಾಡಿ, ಹೆಚ್ಚಿನದ್ದನ್ನು ಬಾಚಿಯಿಂದ ಹೊಡೆದು ತೆಗೆದೆ. ಬಟ್ಟಲನ್ನು ಮೊದಲು ತೋಡಿದೆ, ಬೆನ್ನು ಆಮೇಲೆ. ಬೆನ್ನು ಚಪ್ಪಟೆ ಇದ್ದರೆ ಮಣೆ ಮೇಲೆ ಅಲ್ಲಾಡದೆ ಕೂರುತ್ತದೆ.

ತೋಡೋಕೆ ಬಾಗಿದ ಉಳಿ ಬೇಕು. ಎಳೆಯ, ಅಂದರೆ ಕಟ್ಟಿಗೆಯ ನಾರಿನ, ಉದ್ದಕ್ಕೆ ತಳ್ಳಿದರೆ ಕಟ್ಟಿಗೆ ಕಿತ್ತು ಬರುತ್ತದೆ. ಎಳೆಗೆ ಅಡ್ಡ ತಳ್ಳಿದರೆ ಹಸಿ ಕೊಬ್ಬರಿ ಹೆರೆದಂತೆ ಸಣ್ಣ ಸದ್ದು, ತೆಳ್ಳನೆ ಸುರುಳಿ. ಚಾಕು ಯಾವಾಗಲೂ ದಪ್ಪದಿಂದ ಸಣ್ಣಕ್ಕೆ, ಇಳಿಜಾರಿನಲ್ಲಿ ಹೋಗಬೇಕು. ಕುತ್ತಿಗೆಯ ಹತ್ತಿರ ಎರಡೂ ಕಡೆಯಿಂದ ಇಳಿದು ತಗ್ಗಿನಲ್ಲೇ ನಿಲ್ಲಿಸಬೇಕು. ಅದನ್ನು ದಾಟಿದರೆ ಎಳೆ ಎದ್ದುಬಿಡುತ್ತದೆ. ಚಮಚ ಹಿಡಿದ ಕೈ ಮಾತ್ರ ಉಳಿಯ ಮುಂದೆ ಬರಲೇಬಾರದು.

ಕೆತ್ತಿದ್ದನ್ನು ಅದರದೇ ಚಕ್ಕೆಗಳ ಜೊತೆ ಗೋಣಿಚೀಲದಲ್ಲಿ ಸುತ್ತಿ, ಗಾಳಿ ಜಾಸ್ತಿ ಆಡದ ಮೂಲೆಯಲ್ಲಿ 15 ದಿನ ಇಟ್ಟೆ. ಬಿರುಕಿಲ್ಲ! ಎಷ್ಟು ಖುಷಿಯಾಯಿತು ಅಂದರೆ ಓಣಿಯವರಿಗೆಲ್ಲ ತೋರಿಸಿ ಬಂದೆ. ಆಮೇಲೆ 120, 220 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ, ಒಮ್ಮೆ ನೀರಲ್ಲಿ ಅದ್ದಿ ಒಣಗಿಸಿದೆ. ನೀರಿಗೆ ಎದ್ದ ನವಿರು ಎಳೆಗಳನ್ನು ಇನ್ನೂ ನಯವಾದ 400 ನಂಬರಿನಿಂದ ಉಜ್ಜಿದೆ.

ಕೊನೆಗೆ ಚಮಚಕ್ಕೆ ಎಣ್ಣೆ ಹಚ್ಚಬೇಕು, ಆ ವಿಷಯದಲ್ಲಿ ಹುಷಾರಾಗಿರಿ. ಶೇಂಗಾ ಎಣ್ಣೆ ಒಣಗುವುದಿಲ್ಲ, ಕಮಟು ವಾಸನೆ ಬರುತ್ತದೆ. ಗಾಣದ ಅಗಸಿ ಎಣ್ಣೆ ಗಾಳಿಗೆ ಗಟ್ಟಿಯಾಗಿ ಕೂರುತ್ತದೆ. ಬಣ್ಣದ ಅಂಗಡಿಯ ಅಗಸಿ ಎಣ್ಣೆ ಬೇಡ, ಬೇಗ ಒಣಗಲಿ ಅಂತ ಅದಕ್ಕೆ ಹೆಚ್ಚಾಗಿ ಲೋಹದ ಲವಣ ಸೇರಿಸಿರುತ್ತಾರೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಕಾದು ಬೆಂಕಿ ಹತ್ತಬಹುದು. ಹರವಿ ಒಣಗಿಸಿ.

ನಮ್ಮ ಜಿಲ್ಲೆಯ ಕಿನ್ನಾಳದಲ್ಲಿ ಗೊಂಬೆ ಮಾಡುವ ಮರ ಆಗಲ್ವಾ ಅಂತ ಕೇಳುತ್ತಾರೆ. ಅದು ಹಗುರ, ಮೆತ್ತಗೆ. ಗೊಂಬೆಗೆ ಚೆಂದ, ಚಮಚಕ್ಕಲ್ಲ. ಬೇವಿನ ಚಮಚ ಕೆಲವು ದಿನ ಊಟಕ್ಕೆ ಕಹಿ ಹತ್ತಿಸುತ್ತದೆ. ಕಣಗಲ ಗಿಡವನ್ನು ಮಾತ್ರ ಮುಟ್ಟಲೇಬೇಡಿ, ವಿಷ.

ಮೊನ್ನೆ ಅವ್ವ ಆ ಚಮಚದಲ್ಲೇ ನುಚ್ಚು ಮಜ್ಜಿಗೆ ಉಂಡಳು. "ಅಂಚು ಇನ್ನಾ ದಪ್ಪ ಐತಿ ನೋಡು, ತುಟಿಗೆ ತಾಗತೈತಿ" ಅಂದಳು. ಈಗ ಅದನ್ನೇ ಹೆರೆಯುತ್ತಾ ಕೂತಿದ್ದೇನೆ.