ಓಪನ್-ಬ್ಯಾಕ್ ಹೆಡ್‌ಫೋನ್: ಕೊಳ್ಳುವ ಮುನ್ನ ಕೇಳಿ ನೋಡುವ ಬಗೆ

ಮೊದಲು ಫ್ಯಾನ್ ಆರಿಸಿ. ಈ ಹೆಡ್‌ಫೋನುಗಳ ಹಿಂಬದಿ ಬರೀ ಜಾಲರಿ. ಹೊರಗಿನ ಸದ್ದು ಒಳಬಂದು ಸಣ್ಣ ದನಿಗಳನ್ನು ನುಂಗಿಬಿಡುತ್ತದೆ.

ಎರಡು ಮಾದರಿಗಳನ್ನು ಹೋಲಿಸುವಾಗ ವಾಲ್ಯೂಮ್ ಸರಿಸಮ ಇರಲೇಬೇಕು. ಒಂದು ಡೆಸಿಬಲ್ ಜೋರಾಗಿದ್ದರೂ ಅದೇ ಹೆಚ್ಚು ಸ್ಪಷ್ಟವೆಂದು ಕಿವಿ ನಂಬುತ್ತದೆ. ತಪ್ಪು ತೀರ್ಮಾನಗಳು ಹೆಚ್ಚಾಗಿ ಹುಟ್ಟುವುದು ಇಲ್ಲೇ. ಎರಡರಲ್ಲೂ ಪಿಂಕ್ ನಾಯ್ಸ್ (ತಗ್ಗು-ಏರು ದನಿಗಳೆಲ್ಲ ಬೆರೆತ, ಪರೀಕ್ಷೆಗೆ ಬಳಸುವ ಒಂದೇ ಸಮನ ಭೋರ್ ಸದ್ದು) ಹಾಕಿ, ಪ್ಯಾಡಿನ ನಡುವೆ ಡೆಸಿಬಲ್ ಮೀಟರಿನ ಮೈಕ್ ಹಿಡಿದು ಹೊಂದಿಸಿ. ಸೆನ್‌ಹೈಸರ್ ಎಚ್‌ಡಿ 650, ಎಚ್‌ಡಿ 800 ಎಸ್ ಎರಡೂ ವಿದ್ಯುತ್ತಿಗೆ 300 ಓಮ್ ತಡೆ ಒಡ್ಡುವಂಥವು. ಇವಕ್ಕೆ ಸಾಕಷ್ಟು ವೋಲ್ಟೇಜ್ ಕೊಡುವ ಆಂಪ್ಲಿಫೈಯರ್ ಬೇಕು. ಫೋನಿಗೆ ಸಿಕ್ಕಿಸಿ ದನಿ ಸಪ್ಪೆ ಎನ್ನುವುದು ಅನ್ಯಾಯ.

ಚೆನ್ನಾಗಿ ಗೊತ್ತಿರುವ ಮೂರ್ನಾಲ್ಕು ಧ್ವನಿಮುದ್ರಣ ಸಾಕು. ಮೃದಂಗದ ಎಡಭಾಗದ ಗುಂಕಾರ ಆಳಕ್ಕಿಳಿಯುತ್ತದೆಯೇ? ತಂಬೂರಿ ಹಾಡಿನ ಹಿಂದೆ ಬಿಡಿಯಾಗಿ ಕೇಳುತ್ತದೆಯೇ? ಗಾಯಕಿಯ ‘ಸ’, ‘ಶ’ ಚುಚ್ಚಿದರೆ ಸಾಮಾನ್ಯವಾಗಿ 6ರಿಂದ 9 ಕಿಲೋಹರ್ಟ್ಸ್ ನಡುವೆ ಹೆಡ್‌ಫೋನಿನ ದನಿ ಉಬ್ಬಿದೆ ಎಂದರ್ಥ.

ಎಚ್‌ಡಿ 650ರ ತೂಕ ಸುಮಾರು 260 ಗ್ರಾಂ. ಕೆಲವು ಪ್ಲೇನಾರ್ (ಚಪ್ಪಟೆ ಪೊರೆಯನ್ನು ಅಯಸ್ಕಾಂತದ ಬಲದಿಂದ ಅಲುಗಿಸಿ ದನಿ ಹೊರಡಿಸುವ) ಮಾದರಿಗಳು 600 ದಾಟುತ್ತವೆ. ಐದು ನಿಮಿಷದಲ್ಲಿ ಏನೂ ತಿಳಿಯದು. ಒಂದು ಗಂಟೆ ಹಾಕಿಕೊಂಡು ನೆತ್ತಿ, ದವಡೆ ನೋಯುತ್ತವೆಯೇ ಗಮನಿಸಿ. ಕನ್ನಡಕದ ಕಡ್ಡಿ ಪ್ಯಾಡಿನಡಿ ಸಂದು ಬಿಟ್ಟರೆ ಬಾಸ್ ಸೋರುತ್ತದೆ, ತೆಗೆದೂ ಕೇಳಿ. ಅಂಗಡಿಯ ಡೆಮೊದಲ್ಲಿ ಪ್ಯಾಡ್ ಸವೆದಿದ್ದರೆ ಕಿವಿ, ದನಿ ಹೊರಡಿಸುವ ಡ್ರೈವರಿಗೆ ಹತ್ತಿರವಾಗಿ ದನಿಯೇ ಬದಲಾಗಿರುತ್ತದೆ.