ಕಂಡಿದ್ದು, ಕೇಳಿದ್ದು, ಅನಿಸಿದ್ದು: ಮಕ್ಕಳಿಗೆ ಬರವಣಿಗೆ ತರಗತಿ ನಡೆಸುವುದು ಹೇಗೆ?

ನಮ್ಮ ಮಕ್ಕಳಿಗೆ ಪ್ರಬಂಧ ಬರೆಯುವುದು ಗೊತ್ತು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ತಲೆಬರಹ ಹಾಕಿ, ಗೈಡಿನಲ್ಲಿ ಇರುವುದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಇಳಿಸುತ್ತಾರೆ. ಅಂಕವೂ ಬರುತ್ತದೆ. ಅದೇ ಮಗುವಿಗೆ ‘ನಿಮ್ಮ ಮನೆ ಮುಂದಿನ ರಸ್ತೆ ಬಗ್ಗೆ ಐದು ಸಾಲು ಬರಿ’ ಅಂದು ನೋಡಿ. ಪೆನ್ನು ನಿಂತುಬಿಡುತ್ತದೆ. ಆ ರಸ್ತೆ ಯಾವ ಗೈಡಿನಲ್ಲೂ ಇರುವುದಿಲ್ಲ, ಅಲ್ವಾ?

ವಾರಕ್ಕೊಂದು ತರಗತಿ ನಡೆಸಿದರೆ ಇದು ಬದಲಾಗುತ್ತದೆ. ನಡೆಸುವವರು ಸಾಹಿತಿ ಆಗಿರಬೇಕಿಲ್ಲ. ಮೇಷ್ಟ್ರು, ಗ್ರಂಥಪಾಲಕರು, ಕಾಲೇಜಿಗೆ ಹೋಗುವ ಅಕ್ಕ, ನಿವೃತ್ತರಾದ ಅಜ್ಜ, ಯಾರಾದರೂ ಆದೀತು. ಮಕ್ಕಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ಬೇಕೇ ಬೇಕು.

ಜಾಗ ಮತ್ತು ಗುಂಪು

ಹಳ್ಳಿಯವರು ಮೊದಲು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ. ಈಗ ಅದಕ್ಕೆ ‘ಅರಿವು ಕೇಂದ್ರ’ ಎಂದು ಹೆಸರು. ರಾಜ್ಯದಲ್ಲಿ ಇಂಥವು 5 ಸಾವಿರಕ್ಕೂ ಜಾಸ್ತಿ ಇವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಗಿದೆ. ಹಾಗಾಗಿ ಮಕ್ಕಳಿಗೆ ಆ ಜಾಗ ಹೊಸದೇನಲ್ಲ. ಪಟ್ಟಣದಲ್ಲಾದರೆ ಶಾಲೆಯ ಒಂದು ಕೋಣೆ ಅಥವಾ ಸಮುದಾಯ ಭವನ ಸಾಕು. ಶನಿವಾರ ಬೆಳಗಿನ ಶಾಲೆ ಮುಗಿದು ಊಟವಾದ ಮೇಲೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಹನ್ನೆರಡರಿಂದ ಹದಿನೈದು ಮಕ್ಕಳಿಗಿಂತ ಜಾಸ್ತಿ ಬೇಡ. ಎಲ್ಲರೂ ಬರೆದಿದ್ದನ್ನು ಓದಲು ಸಮಯ ಸಿಗಬೇಕು. 8ರಿಂದ 11 ವರ್ಷದವರನ್ನು ಒಂದು ಗುಂಪು, 12ರಿಂದ 16ರವರನ್ನು ಇನ್ನೊಂದು ಗುಂಪು ಮಾಡಿ. ಆಳಿಗೊಂದು ನೋಟ್‌ಬುಕ್ಕು, ಒಂದು ಪೆನ್ನು. ಖರ್ಚು ಅಷ್ಟೇ.

ಮೊದಲು ಸಂತೆಗೆ ಕಳಿಸಿ

‘ನನ್ನ ಶಾಲೆ’, ‘ಮಳೆಗಾಲದ ಒಂದು ದಿನ’ ಥರದ ವಿಷಯ ಕೊಡಬೇಡಿ. ಅವಕ್ಕೆ ಸಿದ್ಧ ಉತ್ತರ ಮಕ್ಕಳ ಬಾಯಲ್ಲೇ ಇದೆ. ಬದಲಿಗೆ ಈ ವಾರ ಸಂತೆಗೆ ಹೋಗಿ ಹತ್ತು ನಿಮಿಷ ಒಂದೇ ಕಡೆ ನಿಂತು ಬನ್ನಿ ಅನ್ನಿ.

ಮೊದಲ ಸಲ ಹೀಗೆ ಬರೆದುಕೊಂಡು ಬರುತ್ತಾರೆ: ‘ಸಂತೆಯಲ್ಲಿ ತುಂಬಾ ಜನ ಇದ್ದರು. ನನಗೆ ತುಂಬಾ ಖುಷಿಯಾಯಿತು.’ ಇದನ್ನು ತಪ್ಪು ಅನ್ನಬೇಡಿ. ಸುಮ್ನೆ ಪ್ರಶ್ನೆ ಕೇಳುತ್ತಾ ಹೋಗಿ. ನಿನ್ನ ಪಕ್ಕ ಯಾರಿದ್ದರು? ಏನಂತ ಕೂಗುತ್ತಿದ್ದರು? ಕಾಲಡಿ ಏನಿತ್ತು? ಮಗು ಬಾಯಲ್ಲಿ ಹೇಳಿದ್ದನ್ನೇ ಬರೆಯಲು ಹೇಳಿದರೆ ಸಾಲುಗಳು ಹೀಗೆ ಆಗಬಹುದು: ‘ಕೊತ್ತಂಬರಿ ಮಾರುವ ಅಜ್ಜಿ ಕಟ್ಟುಗಳ ಮೇಲೆ ನೀರು ಚಿಮುಕಿಸಿದಳು. ನನ್ನ ಕಾಲಿಗೂ ಬಿತ್ತು. ಮೊದಲು ಹತ್ತು ರೂಪಾಯಿಗೆ ಎರಡು ಕಟ್ಟು ಅಂತಿದ್ದಳು. ಕತ್ತಲಾಗುತ್ತಿದ್ದಂತೆ ಹತ್ತಕ್ಕೆ ನಾಲ್ಕು ಅಂದಳು.’

ಇಲ್ಲಿ ಎರಡು ದಾರಿ ತೆರೆಯುತ್ತದೆ. ಅಜ್ಜಿಗೆ ಕೊನೆ ಬಸ್ಸು ತಪ್ಪಿದರೆ ಏನಾಗುತ್ತದೆ ಅಂತ ಯೋಚಿಸಿದರೆ ಕಥೆ. ಬೆಲೆ ಯಾಕೆ ಅರ್ಧಕ್ಕೆ ಇಳಿಯಿತು ಅಂತ ಕೇಳಿದರೆ ವಿಶ್ಲೇಷಣೆ. ಸೊಪ್ಪು ಬಾಡುತ್ತದೆ, ವಾಪಸ್ ಹೊತ್ತುಕೊಂಡು ಹೋದರೆ ಪ್ರಯೋಜನವಿಲ್ಲ, ಪಕ್ಕದವರೂ ಬೆಲೆ ಇಳಿಸಿರುತ್ತಾರೆ. ಕಲ್ಪನೆ ಇರುವವರು ಬೇರೆ, ತರ್ಕ ಇರುವವರು ಬೇರೆ ಅಂತ ಮಕ್ಕಳನ್ನು ವಿಂಗಡಿಸುವುದು ನನಗೆ ಒಪ್ಪಿಗೆಯಿಲ್ಲ. ಎರಡಕ್ಕೂ ಬೇಕಾಗಿದ್ದು ಆ ಹತ್ತು ನಿಮಿಷದ ನೋಟ. ಒಂದೇ ಮಗು ಎರಡನ್ನೂ ಬರೆಯಲಿ.

ಮನೆಯ ಮಾತಿಗೆ ಜಾಗ ಕೊಡಿ. ಅಜ್ಜಿ ‘ಎಲ್ಲಿಗೆ ಹೊಂಟೀಯೋ’ ಅಂದಿದ್ದರೆ ಹಾಗೇ ಇರಲಿ. ಅದನ್ನು ‘ಎಲ್ಲಿಗೆ ಹೊರಟಿರುವೆ’ ಅಂತ ತಿದ್ದಿದರೆ ಅಜ್ಜಿಯೇ ಕಥೆಯಿಂದ ಎದ್ದುಹೋಗುತ್ತಾಳೆ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಕ್ಕಳು ತಮ್ಮ ಪದಗಳನ್ನು ತಂದರೆ ಇನ್ನೂ ಒಳ್ಳೆಯದು.

ದೊಡ್ಡ ಮಕ್ಕಳಿಗೆ ಮೂರು ಕಾಲಂ

ಹದಿಹರೆಯದವರು ಅಭಿಪ್ರಾಯ ಹೇಳಲು ಹಿಂಜರಿಯುವುದಿಲ್ಲ. ಆ ಅಭಿಪ್ರಾಯ ಎಲ್ಲಿಂದ ಬಂತು ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ. ಹಾಳೆಯಲ್ಲಿ ಮೂರು ಕಾಲಂ ಹಾಕಿಸಿ: ಕಂಡಿದ್ದು, ಕೇಳಿದ್ದು, ಅನಿಸಿದ್ದು.

ಶಕ್ತಿ ಯೋಜನೆಯನ್ನೇ ತಗೊಳ್ಳಿ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾಯಿತು. ‘ಫ್ರೀ ಬಸ್ ಬಂದಮೇಲೆ ಸೀಟೇ ಸಿಗಲ್ಲ’ ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ಇದು ಯಾವ ಕಾಲಂ ಅಂತ ಕೇಳಿ. ಸಾಮಾನ್ಯವಾಗಿ ಅದು ಮನೆಯಲ್ಲಿ ಕೇಳಿದ್ದು. ಹಾಗಾದರೆ ಕಂಡಿದ್ದು ಏನು? ಈಗ ಇಬ್ಬಿಬ್ಬರನ್ನು ಜೋಡಿ ಮಾಡಿ ಬಸ್ ಸ್ಟಾಪಿಗೆ ಕಳಿಸಿ. ಒಂದು ಗಂಟೆಯಲ್ಲಿ ಎಷ್ಟು ಬಸ್ ಬಂದವು, ಎಷ್ಟು ಜನ ಹತ್ತಿದರು, ಎಷ್ಟು ಜನ ನಿಂತೇ ಹೋದರು ಅಂತ ಎಣಿಸಲಿ. ಶೂನ್ಯ ಟಿಕೆಟ್‌ನಲ್ಲಿ (ಈ ಯೋಜನೆಯಲ್ಲಿ ಕೊಡುವ ಉಚಿತ ಟಿಕೆಟ್) ಓಡಾಡುವ ಮಹಿಳೆಯರನ್ನು ಎಲ್ಲಿಗೆ ಹೋಗುತ್ತೀರಿ, ಮೊದಲೂ ಹೋಗುತ್ತಿದ್ದಿರಾ, ಉಳಿದ ದುಡ್ಡು ಯಾವುದಕ್ಕೆ ಆಯಿತು ಅಂತ ವಿಚಾರಿಸಲಿ. ದುಡ್ಡು ಕೊಟ್ಟೂ ನಿಂತು ಹೋಗುವ ಗಂಡಸರನ್ನು, ಕಂಡಕ್ಟರನ್ನು ಕೂಡ ಮಾತಾಡಿಸಲಿ.

ಆಮೇಲೆ ಬರೆಯಲು ಕೂರಿಸಿ. ಒಂದು ಸಾಲಿನಲ್ಲಿ ತಮ್ಮ ಮಾತು. ಅದಕ್ಕೆ ಆಧಾರವಾಗಿ ಕಂಡ ಮೂರು ಸಂಗತಿ. ನಂತರ ಎದುರಿನವರ ವಾದಕ್ಕೆ ಒಂದು ಪೂರ್ತಿ ಪ್ಯಾರಾ, ಅದೂ ಆ ವಾದ ಮಾಡುವವರು ಓದಿ ‘ಹೌದು, ನಾನು ಹೇಳೋದು ಇದನ್ನೇ’ ಅನ್ನುವ ಹಾಗೆ. ಇದು ಕಷ್ಟ, ಆದರೆ ನನ್ನ ಮಟ್ಟಿಗೆ ಇಡೀ ತರಗತಿಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇಲ್ಲ. ಕೊನೆಗೆ, ತಮಗೆ ತಿಳಿಯದೇ ಉಳಿದಿದ್ದು ಏನು ಅಂತ ಎರಡು ಸಾಲು. ಒಂದು ಸ್ಟಾಪಿನಲ್ಲಿ ಒಂದು ಗಂಟೆ ಎಣಿಸಿದ್ದರಿಂದ ಇಡೀ ರಾಜ್ಯದ ಬಗ್ಗೆ ಹೇಳಲು ಆಗುವುದಿಲ್ಲ ಅನ್ನುವುದು ಅವರಿಗೇ ಹೊಳೆಯುತ್ತದೆ.

ಚಾಟ್‌ಜಿಪಿಟಿಯಲ್ಲಿ ಬರೆಸಿ ತಂದರೆ ಏನು ಮಾಡುವುದು ಅಂತ ಪೋಷಕರು ಕೇಳುತ್ತಾರೆ. ನಿಮ್ಮೂರಿನ ಸ್ಟಾಪಿನಲ್ಲಿ ನಿನ್ನೆ ಎಷ್ಟು ಜನ ನಿಂತಿದ್ದರು ಅನ್ನುವುದು ಯಾವ ಫೋನಿಗೂ ಗೊತ್ತಿಲ್ಲ. ಮೊದಲ ಕರಡನ್ನು ತರಗತಿಯಲ್ಲೇ, ಕೈಯಲ್ಲೇ ಬರೆಸಿ.

ಓದುವುದು, ತಿದ್ದುವುದು

ಬರೆದಿದ್ದನ್ನು ಮಕ್ಕಳೇ ಗಟ್ಟಿಯಾಗಿ ಓದಲಿ. ಕೇಳಿದವರು ಎರಡೇ ಮಾತು ಹೇಳಬೇಕು: ಯಾವ ಸಾಲು ನೆನಪಲ್ಲಿ ಉಳಿಯಿತು, ಇನ್ನೂ ಏನು ತಿಳಿಯಬೇಕು ಅನಿಸಿತು. ಬರೀ ‘ಚೆನ್ನಾಗಿದೆ’ ಅಂದರೆ ಬರೆದವರಿಗೆ ಏನೂ ಸಿಗುವುದಿಲ್ಲ.

ಕೆಂಪು ಪೆನ್ನನ್ನು ಕೊನೆಯ ಕರಡಿನ ತನಕ ಒಳಗಿಡಿ. ಅ-ಹ ಅದಲುಬದಲು, ಮಹಾಪ್ರಾಣ, ಒತ್ತಕ್ಷರ ಎಲ್ಲವನ್ನೂ ಆಗ ಒಟ್ಟಿಗೆ ತಿದ್ದಬಹುದು. ಮೊದಲೇ ತಿದ್ದಿದರೆ ಮಗು ತನಗೆ ಕಾಗುಣಿತ ಗೊತ್ತಿರುವ ಪದಗಳಲ್ಲೇ ಬರೆಯತೊಡಗುತ್ತದೆ.

ಒಂದು ವಿಷಯದಲ್ಲಿ ಎಚ್ಚರ ಬೇಕು. ನಿಜ ಬರೆಯಿರಿ ಅಂದಾಗ ಕೆಲವು ಮಕ್ಕಳು ಮನೆಯ ಹೊಡೆತ, ಕುಡಿತ, ಇನ್ನೂ ಕಷ್ಟದ ಸಂಗತಿಗಳನ್ನು ಬರೆಯುತ್ತಾರೆ. ಅಂಥದ್ದನ್ನು ಗುಂಪಿನಲ್ಲಿ ಓದಿಸಬೇಡಿ, ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಮಗುವಿನ ಜೊತೆ ಬೇರೆಯಾಗಿ ಮಾತಾಡಿ. ಮಗುವಿಗೆ ಅಪಾಯವಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ‘ಓದಬೇಡಿ’ ಅಂತ ಪುಟದ ಮೇಲೆ ಬರೆದಿಡುವ ಹಕ್ಕು ಪ್ರತಿ ಮಗುವಿಗೂ ಇರಲಿ.

ಬರೆದಿದ್ದು ಊರಿಗೆ ತಲುಪಲಿ

ಕಥೆ, ಪದ್ಯಗಳಿಗೆ ಗೋಡೆ ಪತ್ರಿಕೆ ಮಾಡಿ. ಡ್ರಾಯಿಂಗ್ ಶೀಟಿನ ಮೇಲೆ ಅಂಟಿಸಿ ಗ್ರಂಥಾಲಯದ ಬಾಗಿಲ ಹತ್ತಿರ ಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ದೊಡ್ಡ ಮಕ್ಕಳ ಬರಹವನ್ನು ಇನ್ನೂರು ಪದಕ್ಕೆ ಇಳಿಸಿ ಪತ್ರಿಕೆಯ ಓದುಗರ ಪತ್ರ ವಿಭಾಗಕ್ಕೆ ಕಳಿಸಿ.

ಇನ್ನೊಂದು ಒಳ್ಳೆಯ ಜಾಗ ಮಕ್ಕಳ ಗ್ರಾಮಸಭೆ, ಅಂದರೆ ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯಿತಿಯವರ ಮುಂದೆ ಹೇಳುವ ಸಭೆ. ನಿಮ್ಮ ಪಂಚಾಯಿತಿಯಲ್ಲಿ ಯಾವಾಗ ಎಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ ತಿಳಿದುಕೊಳ್ಳಿ. ಬಸ್ ಸ್ಟಾಪಿನ ಎಣಿಕೆ ಇಟ್ಟುಕೊಂಡ ಹುಡುಗಿ ಅಲ್ಲಿ ನಿಂತು ‘ಬೆಳಿಗ್ಗೆ ಎಂಟೂವರೆಗೆ ಇನ್ನೊಂದು ಬಸ್ ಬೇಕು’ ಅಂತ ಕಾರಣಸಮೇತ ಓದಬಹುದು. ಓದಿದ್ದನ್ನೇ ಅರ್ಜಿಯಾಗಿ ಪಂಚಾಯಿತಿಗೆ ಕೊಟ್ಟು, ಅದರ ಒಂದು ಪ್ರತಿಗೆ ಸಹಿ, ಸೀಲು, ತಾರೀಕು ಹಾಕಿಸಿಕೊಂಡು ಫೈಲಿನಲ್ಲಿಡಿ. ಉತ್ತರ ಬಂದರೂ, ಬಾರದಿದ್ದರೂ ಮುಂದಿನ ತಿಂಗಳ ತರಗತಿಗೆ ಅದೇ ವಿಷಯ.